ವೇಷವೂ ಸಾಕ್ಷ್ಯವೂ

ನಮ್ಮ ಶಿಕ್ಷಕವೃತ್ತಿಯ ಕೊನೆಯ ವರ್ಷದಲ್ಲಿ ನಾವು ಒಂದು ತೀರ್ಪನ್ನು ಹೇಳಿದೆವು. ಅದು ಕಚೇರಿಯ ತೀರ್ಪಲ್ಲ. ದೇವಸ್ಥಾನದ ಕಟ್ಟೆಯ ಮೇಲೆ ಕುಳಿತು ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದು. ಅದರಿಂದ ಒಬ್ಬ ತರುಣನ ಹೆಗಲ ಮೇಲಿನ ಕಂಬಳಿಯು ಕೆಳಗಿಳಿಯಿತು. ಆ ತೀರ್ಪು ತಪ್ಪಾಗಿತ್ತೆಂಬದು ನಮಗೆ ಈಗ ನಿಶ್ಚಯವಾಗಿದೆ. ಇಂಥ ಪ್ರಸಂಗವು ಯಾವ ಊರಿನಲ್ಲಿಯಾದರೂ ಒದಗಬಹುದಾದ್ದರಿಂದ ಅದರ ವೃತ್ತಾಂತವನ್ನು ವಾಚಕರ ಮುಂದಿಡುವೆವು.

2022ನೆಯ ಇಸವಿಯ ಕನಕಜಯಂತಿಗೆ ಇನ್ನೂ ಎರಡು ತಿಂಗಳಿರುವಾಗ ರಾಣೇಬೆನ್ನೂರಿನ ನಾಲ್ಕೈದು ಜನ ತರುಣರು ನಮ್ಮ ಮನೆಗೆ ಬಂದರು. ಅವರಲ್ಲಿ ಇಬ್ಬರು ನಮ್ಮ ಹಳೆಯ ವಿದ್ಯಾರ್ಥಿಗಳು. ಕನಕದಾಸರನ್ನು ಕುರಿತು ಅರ್ಧ ತಾಸಿನ ಒಂದು ಸಾಕ್ಷ್ಯಚಿತ್ರವನ್ನು ತೆಗೆಯುವದು ಅವರ ಉದ್ದೇಶವಾಗಿತ್ತು. ದಾಸರ ಜನ್ಮಸ್ಥಳವಾದ ಬಾಡವು ಶಿಗ್ಗಾವಿ ತಾಲೂಕಿನಲ್ಲಿದೆ. ಅವರು ಆದಿಕೇಶವನನ್ನು ಹಾಡಿದ ಕಾಗಿನೆಲೆಯು ಬ್ಯಾಡಗಿ ತಾಲೂಕಿನಲ್ಲಿದೆ. ಎರಡೂ ನಮ್ಮ ಹಾವೇರಿ ಜಿಲ್ಲೆಯವೇ. “ಹೊರಗಿನವರು ಬಂದು ತೆಗೆಯೋದಕ್ಕಿಂತ ನಾವ ತೆಗೆದರ ಚಲೋ ಅಲ್ಲೇನ್ರೀ ಮಾಸ್ತರ?” ಎಂದು ಅವರು ಕೇಳಲು ನಮಗೂ ಉತ್ಸಾಹವಾಯಿತು. ಬರೆದದ್ದನ್ನು ತಿದ್ದಿಕೊಡುವ ಕೆಲಸವನ್ನು ನಾವು ಒಪ್ಪಿಕೊಂಡೆವು.

ಪಾಳೆಯಗಾರಿಕೆಯನ್ನು ಬಿಟ್ಟು, ಕಂಬಳಿ ಹೊದ್ದು, ಹಾಡುತ್ತ ಹೊರಟ ಕನಕನ ಪಾತ್ರಕ್ಕೆ ಬ್ಯಾಡಗಿಯ ಒಬ್ಬ ಹುಡುಗನನ್ನು ಅವರು ಆರಿಸಿದ್ದರು. ವಯಸ್ಸು ಹತ್ತೊಂಬತ್ತು, ತಂದೆಯು ಮೆಣಸಿನಕಾಯಿ ಪೇಟೆಯಲ್ಲಿ ಹಮಾಲ. ಈ ಹುಡುಗನೂ ನಮ್ಮಲ್ಲಿಯೇ ಕಲಿತವನು. ಏಳನೆಯ ಇಯತ್ತೆಯಲ್ಲಿರುವಾಗಲೇ ದಾಸರ ಕೀರ್ತನೆಗಳನ್ನು ಹಾಡಿ ಬಹುಮಾನಗಳನ್ನು ಪಡೆದಿದ್ದನು. ಅವನ ಕಂಠವು ಅಂಥದು. ಆದರೆ ಅವನು ಮುಸಲ್ಮಾನನು.

ಸುದ್ದಿಯು ಹರಡಿದ ಕೂಡಲೆ ಊರಿನ ಕೆಲವರು ಹಿರಿಯರು ಬೇಸರಪಟ್ಟರು. ಅವರು ಕೂಗಾಡಲಿಲ್ಲ, ಬೆದರಿಸಲಿಲ್ಲ. “ನಾಟಕ ಆಗಿದ್ದರ ಬ್ಯಾರೆ ಮಾತು. ಇದು ಸಾಕ್ಷ್ಯಚಿತ್ರ. ಇದ್ದದ್ದನ್ನ ಇದ್ದಂಗ ತೋರಿಸಬೇಕು. ನೀವು ಓದಿದವರು, ನೀವ ಹೇಳ್ರಿ” ಎಂದು ನಮ್ಮನ್ನೇ ಕೇಳಿದರು. ನಾವು ತುಸು ಹೊತ್ತು ಯೋಚಿಸಿದಂತೆ ಮಾಡಿ, “ಸಾಕ್ಷ್ಯವೆಂದ ಮೇಲೆ ಪಾತ್ರಧಾರಿಯ ಕುಲವೂ ಹೊಂದಿಕೆಯಾಗಿರುವದು ಲೇಸು” ಎಂದೆವು. ತರುಣರು ತಲೆ ಬಾಗಿಸಿದರು. ಬೇರೊಬ್ಬನು ಕಂಬಳಿಯನ್ನು ಹೊದ್ದನು. ಅವನಿಗೆ ಹಾಡಲು ಬರುತ್ತಿದ್ದಿಲ್ಲವಾದ್ದರಿಂದ ತುಟಿ ಆಡಿಸಿದನು. ಹಾಡನ್ನು ಎಲ್ಲಿಂದಲೋ ತಂದು ಜೋಡಿಸಿದರು. ಜಯಂತಿಯ ದಿನ ಚಿತ್ರವನ್ನು ನೋಡಿ ಎಲ್ಲರೂ ಚೆನ್ನಾಗಿದೆಯೆಂದರು, ನಾವೂ ಎಂದೆವು.

ಮುಂದಿನ ಬೇಸಿಗೆಯಲ್ಲಿ, ಎಂದರೆ 2023ನೆಯ ಮೇ ತಿಂಗಳಲ್ಲಿ, ನೆಟ್‌ಫ್ಲಿಕ್ಸ್ ಸಂಸ್ಥೆಯು ಈಜಿಪ್ತದ ರಾಣಿಯಾದ ಕ್ಲಿಯೋಪಾತ್ರಳನ್ನು ಕುರಿತು ನಾಲ್ಕು ಭಾಗಗಳ ಒಂದು ಸಾಕ್ಷ್ಯಚಿತ್ರವನ್ನು ಹೊರಗೆಡಹಿತು. ರಾಣಿಯ ವೇಷವನ್ನು ಅಡೆಲ್ ಜೇಮ್ಸ್ ಎಂಬ ಆಫ್ರಿಕಮೂಲದ ಇಂಗ್ಲಿಷ್ ನಟಿಯು ಧರಿಸಿದ್ದಳು. ಈಜಿಪ್ತದಲ್ಲಿ ಕೋಲಾಹಲವಾಯಿತು. ಅಲ್ಲಿಯ ಪ್ರಾಚ್ಯವಸ್ತುಗಳ ಇಲಾಖೆಯು, ಕ್ಲಿಯೋಪಾತ್ರಳು ಬಿಳಿಯ ಮೈಬಣ್ಣದವಳು, ಗ್ರೀಕರ ಮುಖಲಕ್ಷಣದವಳು ಎಂದು ಪ್ರಕಟನೆಯನ್ನೇ ಹೊರಡಿಸಿತು. ಅವಳ ವಂಶದ ಮೂಲಪುರುಷನಾದ ಟಾಲೆಮಿಯು ಅಲೆಕ್ಸಾಂದರನ ಮಕೆದೋನಿಯದ ಸೇನಾನಿಯಾಗಿದ್ದನೆಂಬದು ಇತಿಹಾಸಪ್ರಸಿದ್ಧವಾಗಿದೆ. ಇದನ್ನು ಓದಿ ನಾವು ಮೊದಲು ಹಿಗ್ಗಿದೆವು. ನಮ್ಮ ತೀರ್ಪಿಗೆ ನೈಲ್ ನದಿಯ ತೀರದಿಂದ ಬೆಂಬಲ ಬಂದಿತಲ್ಲವೆ? ಆದರೆ ಪೂರ್ತಿಯಾಗಿ ಓದಿದ ಮೇಲೆ ಹಿಗ್ಗು ಇಳಿಯಿತು. ಆ ಚಿತ್ರದ ಜಾಹೀರಾತಿನಲ್ಲಿ ಒಬ್ಬಾಕೆಯು, ಶಾಲೆಯಲ್ಲಿ ಏನನ್ನೇ ಕಲಿಸಲಿ, ಕ್ಲಿಯೋಪಾತ್ರಳು ಕಪ್ಪು ಬಣ್ಣದವಳೆಂದು ತನ್ನ ಅಜ್ಜಿಯು ಹೇಳಿದ್ದಳೆಂಬ ಅರ್ಥದ ಮಾತನ್ನಾಡುತ್ತಾಳೆ. ದೋಷವಿರುವದು ಇಲ್ಲಿ. ನಟಿಯ ಬಣ್ಣವು ದೋಷವಲ್ಲ. ಆ ಬಣ್ಣವನ್ನೇ ಇತಿಹಾಸದ ಪ್ರಮಾಣವೆಂಬಂತೆ ಮುಂದೆ ಮಾಡಿದ್ದು ದೋಷ. ಹಾಗಾದರೆ ನಮ್ಮ ಬ್ಯಾಡಗಿಯ ಹುಡುಗನು ಯಾವ ಪ್ರಮಾಣವನ್ನು ಮುಂದೆ ಮಾಡಿದ್ದನು? ದಾಸರು ಕುರುಬರ ಕುಲದಲ್ಲಿ ಜನಿಸಿದರೆಂದು ನಮ್ಮ ಬರವಣಿಗೆಯಲ್ಲಿ ಸ್ಪಷ್ಟವಾಗಿ ಇದ್ದೇ ಇತ್ತು. ಅವನು ಹಾಡುವದಕ್ಕೆ ಮಾತ್ರ ಬಂದಿದ್ದನು.

ಆ ದಿನ ನಾವು ನಾಟ್ಯಶಾಸ್ತ್ರವನ್ನು ಹೊರತೆಗೆದೆವು. ಭರತಮುನಿಯು ಪಾತ್ರಯೋಜನೆಯಲ್ಲಿ ಮೂರು ಬಗೆಗಳನ್ನು ಹೇಳುತ್ತಾನೆ. ವಯಸ್ಸು ಹೊಂದುವಂತೆ ಸ್ತ್ರೀಯು ಸ್ತ್ರೀವೇಷವನ್ನೂ ಪುರುಷನು ಪುರುಷವೇಷವನ್ನೂ ಧರಿಸಿದರೆ ಅದು ಅನುರೂಪ. ಬಾಲಕನು ಮುದುಕನ ಅಥವಾ ಮುದುಕನು ಬಾಲಕನ ವೇಷವನ್ನು ಧರಿಸಿದರೆ ವಿರೂಪ. ಪುರುಷನು ಸ್ತ್ರೀವೇಷವನ್ನು ಧರಿಸಿದರೆ ರೂಪಾನುಸಾರಿಣಿ. ಅಲ್ಲದೆ ಆಹಾರ್ಯಾಭಿನಯದ ಅಧ್ಯಾಯದಲ್ಲಿ ಯಾವ ದೇಶದವರಿಗೆ ಯಾವ ಬಣ್ಣವನ್ನು ಬಳಿಯಬೇಕೆಂದು ವಿಧಿಸುತ್ತಾನೆ: ದಾಕ್ಷಿಣಾತ್ಯರಿಗೆ ಪ್ರಾಯಶಃ ಕಪ್ಪು, ಶಕಯವನಾದಿಗಳಿಗೆ ಗೌರವರ್ಣ. ಮುನಿಯ ಮತದಲ್ಲಿ ಯವನವಂಶದ ಕ್ಲಿಯೋಪಾತ್ರಳು ಗೌರವರ್ಣದವಳೇ ಆಗುವಳು. ಆದರೆ ವಾಚಕರು ಇನ್ನೊಂದನ್ನು ಲಕ್ಷಿಸಬೇಕು. ಯವನನ ಪಾತ್ರಕ್ಕೆ ಯವನನನ್ನೇ ಹುಡುಕಿ ತರುವದಾಗಿದ್ದರೆ ಬಣ್ಣವನ್ನು ಏಕೆ ಬಳಿಯಬೇಕಿತ್ತು? ಪಾತ್ರವು ಬೇರೆ, ಪಾತ್ರಧಾರಿಯು ಬೇರೆ ಎಂಬದೇ ಆ ಅಧ್ಯಾಯದ ಬುನಾದಿ. ಇದನ್ನು ನಾವು ವಿದ್ಯಾರ್ಥಿದೆಸೆಯಲ್ಲಿ ಕಂಠಪಾಠ ಮಾಡಿದ್ದೆವು. ಕಟ್ಟೆಯ ಮೇಲೆ ಕುಳಿತಾಗ ನೆನಪಾಗಲಿಲ್ಲ.

ಶಾಸ್ತ್ರದ ಮಾತಿರಲಿ, ನಾವು ಕಣ್ಣಾರೆ ಕಂಡದ್ದೂ ನೆನಪಾಗಲಿಲ್ಲ. 1988ರಲ್ಲಿ ಶ್ಯಾಮ ಬೆನೆಗಲ್ಲರ ‘ಭಾರತ್ ಏಕ್ ಖೋಜ್’ ದೂರದರ್ಶನದಲ್ಲಿ ಬರತೊಡಗಿದಾಗ ನಾವು ಹೊಸದಾಗಿ ನೌಕರಿಗೆ ಸೇರಿದ್ದೆವು. ದೇಶದ ಇತಿಹಾಸವನ್ನು 53 ಭಾಗಗಳಲ್ಲಿ ನಿರೂಪಿಸಿದ ಆ ಮಾಲಿಕೆಯಲ್ಲಿ ಸಲೀಮ್ ಘೌಸರು ರಾಮನೂ ಆದರು, ಕೃಷ್ಣನೂ ಆದರು, ಟೀಪುವೂ ಆದರು. ನಸೀರುದ್ದೀನ ಶಹಾರು ಶಿವಾಜಿಯಾದರು. ಓಂ ಪುರಿಯವರು ಔರಂಗಜೇಬನಾದರು, ನಮ್ಮ ಕೃಷ್ಣದೇವರಾಯನೂ ಆದರು. ನಾವು ಮಕ್ಕಳನ್ನು ಕೂಡಿಸಿಕೊಂಡು ನೋಡಿದೆವು. ಶಿವಾಜಿಯ ಕುಲವು ನಟನಿಗೆ ಹೊಂದಿತೇ ಎಂದು ಒಮ್ಮೆಯೂ ಕೇಳಲಿಲ್ಲ.

ಇದಕ್ಕಿಂತಲೂ ಚುಚ್ಚುವದು ಇನ್ನೊಂದಿದೆ. ಸಂತ ಶರೀಫರ ಶಿಶುನಾಳವು ನಮ್ಮ ಜಿಲ್ಲೆಯಲ್ಲಿಯೇ ಇದೆ. 1990ರಲ್ಲಿ ನಾಗಾಭರಣರು ತೆಗೆದ ಚಿತ್ರದಲ್ಲಿ ಶರೀಫರ ಪಾತ್ರವನ್ನು ಶ್ರೀಧರರೂ, ಗುರು ಗೋವಿಂದಭಟ್ಟರ ಪಾತ್ರವನ್ನು ಗಿರೀಶ ಕಾರ್ನಾಡರೂ ನಿರ್ವಹಿಸಿದರು. ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯೂ ದೊರೆಯಿತು. ಹಿಂದುವಾದ ನಟನೊಬ್ಬನು ಮುಸಲ್ಮಾನ ಸಂತನಾಗಿ ಹಾಡಿದಾಗ ನಾವು ಕಣ್ಣೊರೆಸಿಕೊಂಡು, “ಇದೇ ನಮ್ಮ ನಾಡಿನ ಗುಣ” ಎಂದು ತರಗತಿಯಲ್ಲಿ ಬೋಧಿಸಿದೆವು. ಮುಸಲ್ಮಾನ ಹುಡುಗನೊಬ್ಬನು ಕನಕನಾಗಿ ಹಾಡಲು ನಿಂತಾಗ ಕುಲದ ಹೊಂದಿಕೆಯನ್ನು ಹೇಳಿದೆವು. ಹೋಗುವ ದಾರಿಯಲ್ಲಿ ನಡೆಯುವ ಗಾಡಿಯು ಬರುವ ದಾರಿಯಲ್ಲಿ ನಡೆಯಬಾರದೆಂದರೆ ಅದು ಎಂಥ ದಾರಿ?

ನಮ್ಮ ಹಿರಿಯರ ಮನಸ್ಸಿನಲ್ಲಿದ್ದ ಕನಕನು ತಾನೇ ಯಾರು? 1960ರ ‘ಭಕ್ತ ಕನಕದಾಸ’ ಚಿತ್ರದ ಕನಕನು. ಅವನ ಮುಖವು ಗಾಜನೂರಿನ ರಾಜಕುಮಾರರದು. ಅವನ ಕಂಠವು ಕಾಕಿನಾಡದಲ್ಲಿ ಜನಿಸಿದ ಪಿ. ಬಿ. ಶ್ರೀನಿವಾಸರದು. ಹದಿನಾರನೆಯ ಶತಮಾನದ ದಾಸರನ್ನು ಕಂಡು ಬರೆದ ಚಿತ್ರಪಟವು ಯಾವದೂ ಉಳಿದಿಲ್ಲ. ಇರುವ ಮುಖಗಳೆಲ್ಲ ಭಕ್ತಿಯಿಂದ ಕಲ್ಪಿಸಿದವುಗಳೇ.

ಹಾಗಾದರೆ ಸಾಕ್ಷ್ಯಚಿತ್ರಕ್ಕೆ ಕಟ್ಟುಪಾಡೇ ಇಲ್ಲವೇ ಎಂದು ವಾಚಕರು ಕೇಳಬಹುದು. ಇದೆ; ಕಥೆಯ ಚಿತ್ರಕ್ಕೆ ಇಲ್ಲದಷ್ಟು ಕಠಿಣವಾಗಿಯೇ ಇದೆ. ಸಾಕ್ಷಾತ್ತಾಗಿ ಕಂಡವನು ಸಾಕ್ಷಿ. ಕಂಡದ್ದನ್ನು ಕಂಡೆನೆಂದೂ, ಕೇಳಿದ್ದನ್ನು ಕೇಳಿದೆನೆಂದೂ, ಊಹಿಸಿದ್ದನ್ನು ಊಹಿಸಿದೆನೆಂದೂ ಹೇಳುವದು ಅವನ ಧರ್ಮ. ಸಂಜಯ ಖಾನರ ಟೀಪು ಸುಲ್ತಾನನ ಧಾರಾವಾಹಿಯು 1990ರಲ್ಲಿ ದೂರದರ್ಶನದಲ್ಲಿ ಬಂದಾಗ ಬಹಳ ವಾದವಿವಾದಗಳಾಗಿ, ಇದು ಕಾದಂಬರಿಯನ್ನಾಧರಿಸಿದ ಕಲ್ಪಿತ ಕಥೆ ಎಂಬ ಸೂಚನೆಯೊಡನೆ ಅದನ್ನು ತೋರಿಸಬೇಕಾಯಿತು. ಕಥೆಯೆಂದು ಹೇಳಿ ಕಥೆಯನ್ನು ಹೇಳಿದರೆ ಕಲಾವಿದನ ಸ್ವಾತಂತ್ರ್ಯಕ್ಕೂ ಧಕ್ಕೆಯಿಲ್ಲ, ನೋಡುವವರಿಗೂ ಮೋಸವಿಲ್ಲ.

ಈ ಒರೆಗಲ್ಲಿಗೆ ನಮ್ಮ ತರುಣರ ಚಿತ್ರವನ್ನು ತಿಕ್ಕಿ ನೋಡಿದಾಗ ನಮಗೆ ನಾಚಿಕೆಯಾಯಿತು. ಉಡುಪಿಯಲ್ಲಿ ಕೃಷ್ಣನು ದಾಸರ ಕಡೆಗೆ ತಿರುಗಿದ ಪ್ರಸಂಗವನ್ನು ಅದರಲ್ಲಿ, ಪ್ರತೀತಿಯಿದೆ ಎಂಬ ಒಂದು ಮಾತೂ ಇಲ್ಲದೆ, ನಿನ್ನೆ ನಡೆದ ಸಂಗತಿಯಂತೆ ನಿರೂಪಿಸಿದ್ದರು. ಕನಕನ ಕಿಂಡಿಯ ಆ ಕಥೆಯು ನಮಗೂ ಪ್ರಾಣಪ್ರಿಯವೇ. ಆದರೆ ಐತಿಹ್ಯವು ಬೇರೆ, ಇತಿಹಾಸವು ಬೇರೆ. ಬರವಣಿಗೆಯನ್ನು ತಿದ್ದಿದವರು ನಾವೇ. ನಟನ ಕುಲವನ್ನು ಸೋಸಿದೆವು. ಮಾತಿನ ಪ್ರಮಾಣವನ್ನು ಸೋಸಲಿಲ್ಲ. ಸೋಸತಕ್ಕದ್ದನ್ನು ಬಿಟ್ಟು ಸೋಸಬಾರದ್ದನ್ನು ಸೋಸಿದೆವು.

ಆ ಹಿರಿಯರ ಮಾತಿನಲ್ಲಿ ನ್ಯಾಯವೇ ಇದ್ದಿಲ್ಲವೆಂದು ನಾವು ಹೇಳಲಾರೆವು. ತಮ್ಮ ಕುಲದ ಮಹಾಪುರುಷನ ಕಥೆಯನ್ನು ಯಾವಾಗಲೂ ಬೇರೆಯವರೇ ಹೇಳುತ್ತ ಬಂದರೆ ಯಾರಿಗಾದರೂ ನೋವಾಗುವದು ಸಹಜ. ಆದರೆ ಆ ನೋವಿಗೆ ಮದ್ದು ಒಬ್ಬ ಹುಡುಗನನ್ನು ಹೊರಗಿಡುವದಲ್ಲ. ಬರೆಯುವಾಗ ಅವರನ್ನು ಕೇಳಿರಿ. ಡೊಳ್ಳು ಬಾರಿಸುವವರನ್ನು ಕರೆಯಿರಿ. ಕಂಬಳಿ ನೇಯುವವರ ಮನೆಗೆ ಹೋಗಿರಿ. ಚಿತ್ರ ತೆಗೆಯುವ ಯಂತ್ರವನ್ನು ಅವರ ಮಕ್ಕಳ ಕೈಗೂ ಕೊಡಿರಿ. ಅವಕಾಶದ ಪ್ರಶ್ನೆಯು ಒಂದು, ಸತ್ಯದ ಪ್ರಶ್ನೆಯು ಇನ್ನೊಂದು. ನಾವು ಎರಡನ್ನೂ ಕಲಸಿ ಒಂದೇ ತುತ್ತು ಮಾಡಿದೆವು.

ದಾಸರೇ ‘ರಾಮಧಾನ್ಯಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚುತ್ತಾರೆ. ನಾನು ಮೇಲು, ನೀನು ಕೀಳೆಂದು ಭತ್ತವು ಹೀಯಾಳಿಸುತ್ತದೆ. ಶ್ರೀರಾಮನು ಯಾರ ಕುಲವನ್ನೂ ಕೇಳದೆ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತವು ಸೊರಗಿತು, ರಾಗಿಯು ಗಟ್ಟಿಯಾಗಿ ಉಳಿಯಿತು. ಈ ಕಥೆಯನ್ನು ನಾವು ಎಷ್ಟೋ ಸಾರೆ ಮಕ್ಕಳಿಗೆ ಹೇಳಿದ್ದೆವು. ಅವನ ಕುಲವನ್ನಳೆದ ನಾವು ಅವನ ಹಾಡನ್ನು ಅಳೆಯಲಿಲ್ಲ.

ಕಳೆದ ಸುಗ್ಗಿಯಲ್ಲಿ ನಾವು ಬ್ಯಾಡಗಿಗೆ ಹೋದೆವು. ಪೇಟೆಯಲ್ಲಿ ಮೆಣಸಿನಕಾಯಿಯ ಘಾಟು ಕಣ್ಣಿಗೆ ಹತ್ತುತ್ತಿತ್ತು. ಹುಡುಗನು ಈಗ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ತಂದೆಯು ನಮ್ಮನ್ನು ಕಂಡು ಚೀಲವನ್ನು ಇಳಿಸಿ, “ಬರ್ರಿ ಮಾಸ್ತರ, ಚಾ ಕುಡಿಯೋಣು” ಎಂದು ಕರೆದನು. ನಾವು ಹುಡುಗನಿಗೆ, “ಆ ದಿನ ನಾವು ಹೇಳಿದ್ದು ತಪ್ಪು” ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವಾಗ ಯಾಕ ಹಂಗ ಅಂದ್ರಿ ಸರ?” ಎಂದು ಕೇಳಿದನು. ನಾಟ್ಯಶಾಸ್ತ್ರವಾಗಲಿ ಕ್ಲಿಯೋಪಾತ್ರಳಾಗಲಿ ಆಗ ಉಪಯೋಗಕ್ಕೆ ಬರಲಿಲ್ಲ. “ಹಿರಿಯರ ಎದುರಿಗೆ ಹೆದರಿದೆವಪ್ಪಾ” ಎಂದು ನಿಜವನ್ನೇ ಹೇಳಿದೆವು. ಅವನು ಚಹದ ಬಟ್ಟಲನ್ನು ನಮ್ಮ ಕಡೆಗೆ ಸರಿಸಿದನು.

ಈಗ ಅದೇ ತರುಣರು ಇನ್ನೊಂದು ಚಿತ್ರದ ವಿಚಾರದಲ್ಲಿದ್ದಾರೆ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ ಜನಿಸಿ, 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದು, 1943ನೆಯ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಗೊಟ್ಟ ಮೈಲಾರ ಮಹಾದೇವಪ್ಪನವರನ್ನು ಕುರಿತದ್ದು. ತಿದ್ದಿಕೊಡಲು ಮತ್ತೆ ನಮ್ಮನ್ನೇ ಕೇಳಿದ್ದಾರೆ. ನಾವು ಹೇಳಿದ್ದಿಷ್ಟು: ಮಹಾದೇವಪ್ಪನವರ ಭಾವಚಿತ್ರವು ಉಳಿದಿದೆ, ಮೊದಲು ಅದನ್ನೇ ತೋರಿಸಿರಿ, ಆಡಿ ತೋರಿಸುವ ದೃಶ್ಯಗಳ ಕೆಳಗೆ ಇದು ನಮ್ಮ ಕಲ್ಪನೆಯೆಂದು ಬರೆಯಿರಿ, ಅವರ ಸಂಗಡ ಅಂದೇ ಪ್ರಾಣ ತೆತ್ತ ತಿರಕಪ್ಪ ಮಡಿವಾಳರನ್ನೂ ವೀರಯ್ಯ ಹಿರೇಮಠರನ್ನೂ ಬಿಡಬೇಡಿರಿ. ವೇಷವು ತುಸು ಹೊಂದದಿದ್ದರೆ ಇತಿಹಾಸವು ಕೆಡುವದಿಲ್ಲ. ಇದ್ದವರನ್ನೇ ಅಳಿಸಿದರೆ ಕೆಡುವದು.

ಪಾತ್ರಗಳು ಯಾರಿಗೆಂದು ಕೇಳಿದರು. ಬ್ಯಾಡಗಿಯ ಆ ಹುಡುಗನನ್ನು ಮೊದಲು ಕೇಳಿರಿ ಎಂದೆವು. ಕೇಳಿದ್ದಾರೆ. ಅವನು ಇನ್ನೂ ಉತ್ತರ ಕೊಟ್ಟಿಲ್ಲ.