ಉಳಿದ ಅರ್ಧ ಇಡ್ಲಿ

ಶಿವಮೊಗ್ಗದ ನಮ್ಮ ಹೋಟೆಲಿನ ಗಲ್ಲಾದಲ್ಲಿ ನಾನು ಮೊದಲು ಕೂತದ್ದು ಪುಷ್ಯದ ಚಳಿಯಲ್ಲಿ. ದಿನಾ ಬೆಳಿಗ್ಗೆ ಏಳಕ್ಕೆ ಬರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಅಂದು ಅರ್ಧ ಇಡ್ಲಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು. ದುಡ್ಡು ಕೊಡುತ್ತ, “ಇಡ್ಲಿ ಯಾಕೋ ಗಟ್ಟಿ ಕಣಪ್ಪ ಇವತ್ತು” ಎಂದರು.

“ಬೇರೆ ಯಾರೂ ಹೇಳಲಿಲ್ಲವಲ್ಲ ಸಾರ್” ಎಂದೆ. ಅವರು ಚಿಲ್ಲರೆ ತೆಗೆದುಕೊಂಡು ಸುಮ್ಮನೆ ಮೆಟ್ಟಿಲಿಳಿದರು.

ಒಳಗಿನಿಂದ ಕೇಳಿಸಿಕೊಂಡ ಅಪ್ಪಯ್ಯ ನನ್ನನ್ನು ಬೈಯಲಿಲ್ಲ. ಹಿತ್ತಲಿಗೆ ಕರೆದೊಯ್ದು, ದನಕ್ಕೆಂದು ಇಟ್ಟಿದ್ದ ಮುಸುರೆ ಬಕೆಟ್ ತೋರಿಸಿದರು. ಅರ್ಧ ಇಡ್ಲಿ, ಕಾಲು ಇಡ್ಲಿ, ಒಂದೇ ತುತ್ತು ಮುರಿದ ಇಡ್ಲಿ. “ಯಾರೂ ಹೇಳಲಿಲ್ಲ ಅಂದೆಯಲ್ಲ, ಇವರೆಲ್ಲ ಹೇಳಿದ್ದಾರೆ ನೋಡು.”

ಅದೇ ಒಬ್ಬೆಯ ಇಡ್ಲಿಯನ್ನು ನಾವಿಬ್ಬರೂ ತಿಂದೆವು. ಮೇಷ್ಟ್ರು ಹೇಳಿದ್ದು ನಿಜ. ರಾತ್ರಿ ಒಂಬತ್ತಕ್ಕೆ ರುಬ್ಬಿದ ಹಿಟ್ಟು ಬೇಸಗೆಯಲ್ಲಾದರೆ ಬೆಳಗಿನ ಐದಕ್ಕೆ ಚೆನ್ನಾಗಿ ಉಬ್ಬಿರುತ್ತದೆ. ಚಳಿಗಾಲದಲ್ಲಿ ಆ ಎಂಟು ಗಂಟೆ ಸಾಲದು. ಅಪ್ಪಯ್ಯ ಅಡುಗೆ ಭಟ್ಟರನ್ನು ಗಿರಾಕಿಗಳೆದುರು ಕರೆದು ಕೇಳಲಿಲ್ಲ. ಮಧ್ಯಾಹ್ನದ ಗಡಿಬಿಡಿ ಮುಗಿದ ಮೇಲೆ ಜೊತೆಗೆ ಕೂತು ಮಾತಾಡಿದರು. ಅಂದಿನಿಂದ ಚಳಿ ಮುಗಿಯುವ ತನಕ ಸಂಜೆ ಆರಕ್ಕೇ ರುಬ್ಬಿದೆವು. ಹಿಟ್ಟಿನ ಪಾತ್ರೆ ಒಲೆಯ ಮಗ್ಗುಲಿಗೆ ಬಂತು.

ಮೇಷ್ಟ್ರು ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅಪ್ಪಯ್ಯ ನನ್ನನ್ನು ಅವರ ಮನೆಗೆ ಕಳಿಸಿದರು. “ಕರೆಯಲಿಕ್ಕೆ ಅಂತ ಹೋಗಬೇಡ. ನೀವು ಹೇಳಿದ್ದು ಸರಿ ಇತ್ತು ಅಂತ ಹೇಳಿ ಬಾ.” ಬಾಗಿಲಲ್ಲಿ ನಿಂತು ಅಷ್ಟು ಹೇಳುವಷ್ಟರಲ್ಲಿ ಗಂಟಲು ಒಣಗಿತ್ತು. ಅವರು ಕೇಳಿದ್ದು ಒಂದೇ ಮಾತು: “ಹಿಟ್ಟು ಹುಳಿ ಬಂದಿರಲಿಲ್ಲ, ಅಲ್ವೇನಪ್ಪ?”

ಅಂದು ಗಲ್ಲಾದಲ್ಲಿ ನಾನು ಸುಳ್ಳು ಹೇಳಿರಲಿಲ್ಲ. ಬೇರೆ ಯಾರೂ ಬಾಯಿಬಿಟ್ಟಿರಲಿಲ್ಲ, ನಿಜ. ಆದರೆ ಇಡ್ಲಿಯನ್ನು ಪರೀಕ್ಷಿಸಬೇಕಾದ ಕಡೆ ಮೇಷ್ಟ್ರ ನಾಲಿಗೆಯನ್ನು ಅನುಮಾನಿಸಿದ್ದೆ. ಅದರಿಂದ ಅವರಿಗಾದ ನೋವು ಗಟ್ಟಿ ಇಡ್ಲಿಗಿಂತ ದೊಡ್ಡದು.

ಎಲ್ಲ ದೂರೂ ಇಡ್ಲಿಯ ದೂರಿನಂತಿರುವುದಿಲ್ಲ. ನಮ್ಮ ಸಾಂಬಾರಿಗೆ ಉಡುಪಿ ಕಡೆಯ ರೂಢಿಯಂತೆ ಬೆಲ್ಲ ಬೀಳುತ್ತದೆ. ಹುಬ್ಬಳ್ಳಿ ಕಡೆಯವರು ಬಂದರೆ, “ಭಾಳ ಸಿಹಿ ಆತ್ರೀ” ಎನ್ನುತ್ತಾರೆ. ಇದು ತಪ್ಪಲ್ಲ, ರುಚಿಯ ಮಾತು. ಬೆಲ್ಲದ ವಿಷಯ ತಿಳಿಸಿ, ಖಾರದ ಚಟ್ನಿ ತಂದಿಡುತ್ತೇವೆ, ಸಾಂಬಾರು ಬದಲಿಸುವುದಿಲ್ಲ. ತಪ್ಪು ಯಾವುದು, ರುಚಿಭೇದ ಯಾವುದು ಎಂದು ತಿಳಿಯಬೇಕಾದರೆ ಯಜಮಾನ ಮೊದಲು ತಾನೇ ತಿಂದು ನೋಡಬೇಕು.

ಅಪ್ಪಯ್ಯ ಬೆಂಗಳೂರಿನ ಎಂ.ಟಿ.ಆರ್. ಮಾತನ್ನು ಆಗಾಗ ಎತ್ತುತ್ತಿದ್ದರು. 1924ರಲ್ಲಿ ಶುರುವಾದ ಆ ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪ್ ಸುತ್ತಿ ಬಂದು, ಶುಚಿತ್ವಕ್ಕೆ ಒತ್ತು ಕೊಟ್ಟು, ಅಡುಗೆಮನೆಯನ್ನು ಗಿರಾಕಿಗಳ ಕಣ್ಣಿಗೆ ತೆರೆದಿಟ್ಟವರು. “ಒಳಗೆ ಬಂದು ನೋಡಿ ಅಂದಮೇಲೆ, ಕಂಡದ್ದನ್ನು ಅವರು ಹೇಳೇ ಹೇಳುತ್ತಾರೆ. ಕೇಳುವ ಧೈರ್ಯ ನಮಗಿರಬೇಕು” ಎನ್ನುತ್ತಿದ್ದರು.

ಈಗ ದೂರು ಫೋನಿನಲ್ಲಿ ಬರುತ್ತದೆ, ಐದರಲ್ಲಿ ಒಂದೇ ನಕ್ಷತ್ರವಾಗಿ. ಓದಿದಾಗ ಎದೆ ಇಂದಿಗೂ ಚುರುಕ್ ಎನ್ನುತ್ತದೆ. ಉತ್ತರ ಬರೆಯುವುದು ಆಮೇಲಿನ ಮಾತು. ಮೊದಲು ಹಿತ್ತಲಿಗೆ ಹೋಗಿ ಬಕೆಟ್ ನೋಡುತ್ತೇನೆ.