ಚಕ್ರದ ಗಾಳಿ, ಕೈಯ ಕಸುಬು

ಇಲೆಕ್ಟ್ರಿಕ್ ಕಾರಿಗೆ ಎಂಜಿನ್ ಆಯಿಲ್ ಬೇಡ, ಕ್ಲಚ್ ಇಲ್ಲ, ಸೈಲೆನ್ಸರೂ ಇಲ್ಲ. ಆದರೆ ಟಯರ್ ಬೇಕು, ಟಯರಿಗೆ ಗಾಳಿ ಬೇಕು. ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟಯರಿಗೆ ಪೇಟೆಂಟ್ ಪಡೆದಂದಿನಿಂದ ಚಕ್ರದ ಈ ಅವಲಂಬನೆ ಬದಲಾಗಿಲ್ಲ. ಬದಲಾದದ್ದು ಇಷ್ಟೇ: ಗಾಳಿ ಕಡಿಮೆಯಾದರೆ ಈಗ ಕಾರೇ ಅದನ್ನು ಹೇಳುತ್ತದೆ.

ಈ ಎಚ್ಚರಿಕೆಯ ಹಿಂದೆ ಸಾವಿನ ಲೆಕ್ಕವಿದೆ. ಅಮೆರಿಕದಲ್ಲಿ ಓಡುತ್ತಿದ್ದ ವಾಹನಗಳ ಟಯರು ಹರಿದು ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ 2000ದಲ್ಲಿ ಅಲ್ಲಿ ಕಾನೂನು ಬಂತು. ನಿಗದಿತ ಒತ್ತಡಕ್ಕಿಂತ ಶೇಕಡಾ 25ರಷ್ಟು ಇಳಿದರೆ ದೀಪ ಉರಿಯಬೇಕೆಂಬ ನಿಯಮ ಅದರ ಫಲ. ನಮ್ಮಲ್ಲಿ 2020ರಲ್ಲಿ ನಿಯಮ ತಿದ್ದುಪಡಿಯಾಗಿ, ಟ್ಯೂಬ್‌ಲೆಸ್ ಟಯರು, ಈ ಎಚ್ಚರಿಕೆಯ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಕೊಡಬೇಕಾಗಿಲ್ಲ ಎಂದಾಯಿತು. ನಮ್ಮ ಮನೆಯ ಕಾರಿನಲ್ಲೂ ಸ್ಟೆಪ್ನಿ ಇಲ್ಲ.

ಆ ಕಾರು ಷೋಕಿಗೆ ಕೊಂಡದ್ದಲ್ಲ. ಅಕ್ಕನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಬೆಳ್ತಂಗಡಿ ಕಡೆಯ ನಮ್ಮ ಊರಿನಿಂದ ಮಂಗಳೂರಿಗೆ ಹೋಗಿ ಬರಲು ಪೆಟ್ರೋಲಿನ ಖರ್ಚು ತಾಳಲಾರದೆ ಮಗ ಇದನ್ನು ತಂದ. ಕಳೆದ ಮಳೆಗಾಲದ ಒಂದು ಗುರುವಾರ ಪರದೆಯಲ್ಲಿ ಹಳದಿ ದೀಪ ಕಾಣಿಸಿತು. ಕುದುರೆ ಲಾಳದ ಆಕಾರ, ನಡುವೆ ಉದ್ಗಾರ ಚಿಹ್ನೆ.

ತಂಪಿಗೆ ಗಾಳಿ ಕುಗ್ಗುವುದುಂಟು. ಹತ್ತು ಡಿಗ್ರಿ ಉಷ್ಣತೆ ಇಳಿದರೆ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಆದರೆ ಹವಾಮಾನ ಕಾರಣವಾಗಿದ್ದರೆ ನಾಲ್ಕೂ ಚಕ್ರಗಳಲ್ಲಿ ಸಮನಾಗಿ ಇಳಿಯಬೇಕಿತ್ತು. ಚಾಲಕನ ಬಾಗಿಲ ಪಕ್ಕದ ಚೀಟಿಯಲ್ಲಿ 35 ಎಂದಿತ್ತು. ಮೂರು ಚಕ್ರಗಳಲ್ಲಿ 34 ಇತ್ತು, ಎಡಗಡೆಯ ಹಿಂದಿನದರಲ್ಲಿ 26 ಮಾತ್ರ. ಗಾಳಿ ತುಂಬಿಸಿದೆವು. ಶನಿವಾರ ಬೆಳಿಗ್ಗೆ ನೋಡಿದರೆ ಮತ್ತೆ 26. ಅಂದರೆ ಎಲ್ಲೋ ಸಣ್ಣಗೆ ಸೋರುತ್ತಿದೆ.

ಹನ್ನೊಂದು ಗಂಟೆಗೆ ಅಕ್ಕನ ಸರದಿ. ಕಂಪೆನಿಯ ಸರ್ವಿಸ್ ಕೇಂದ್ರಕ್ಕೆ ಫೋನ್ ಮಾಡಿದರೆ ಮಂಗಳವಾರ ತನ್ನಿ ಎಂದರು. ಡಯಾಲಿಸಿಸ್ ಮಂಗಳವಾರದವರೆಗೆ ಕಾಯುತ್ತದೆಯೇ? ಗಾಳಿ ತುಂಬಿಸಿಕೊಂಡು ಬಸ್‌ಸ್ಟ್ಯಾಂಡ್ ಬಳಿಯ ಪಂಚರ್ ಅಂಗಡಿಗೆ ಹೋದೆವು.

ಅಂಗಡಿಯ ಕಾಕ ಕಾರನ್ನೊಮ್ಮೆ ಸುತ್ತಿ ನೋಡಿ, "ಕರೆಂಟಿನ ಕಾರಲ್ವಾ ಸಾರ್? ಜಾಕ್ ಕೊಡುವ ಜಾಗ ಪುಸ್ತಕದಲ್ಲಿ ತೋರಿಸಿ. ಅಡಿಯಲ್ಲಿ ಪೂರ್ತಿ ಬ್ಯಾಟರಿ ಉಂಟು, ಎಲ್ಲೆಲ್ಲೋ ಎತ್ತಿದರೆ ಕೆಲಸ ಕೆಡ್ತದೆ" ಅಂದರು. ಪುಸ್ತಕ ತೋರಿಸಿದ ಮೇಲೆಯೇ ಜಾಕ್ ಇಟ್ಟರು. ಚಕ್ರ ಬಿಚ್ಚಿ ನೀರಿನ ತೊಟ್ಟಿಯಲ್ಲಿ ತಿರುಗಿಸಿದರು. ಮೊಳೆ ಇರಲಿಲ್ಲ, ರಿಮ್ಮಿನ ಅಂಚಿನಲ್ಲೂ ಗುಳ್ಳೆ ಏಳಲಿಲ್ಲ. ಕೊನೆಗೆ ವಾಲ್ವಿನ ಬಾಯಿಗೆ ಸೋಪಿನ ನೀರು ಹಚ್ಚಿದರು. ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಬರತೊಡಗಿದವು.

ಒಳಗಿನ ಪಿನ್ನು ತೆಗೆದು ಅಂಗೈಯಲ್ಲಿ ಹಿಡಿದರು. ಕಿಲುಬು ಹಿಡಿದಿತ್ತು. "ಇದು ಹಿತ್ತಾಳೆಯದ್ದು. ಸೆನ್ಸರ್ ಇರುವ ವಾಲ್ವು ಅಲ್ಯೂಮಿನಿಯಂ, ಅದಕ್ಕೆ ಬಿಳಿ ಪಿನ್ನೇ ಆಗಬೇಕು. ಯಾರೋ ಬದಲಿಸಿದ್ದಾರೆ" ಎಂದರು. ಬಿಳಿ ಪಿನ್ನು ಎಂದರೆ ನಿಕಲ್ ಲೇಪನದ್ದು. ಹಿತ್ತಾಳೆ ಮತ್ತು ಅಲ್ಯೂಮಿನಿಯಂ ತೇವದಲ್ಲಿ ಕೂಡಿದರೆ ಲೋಹ ಸವೆಯುತ್ತದೆ ಎಂದು ರಸಾಯನಶಾಸ್ತ್ರ ಹೇಳುತ್ತದೆ. ಕಾಕ ಅದನ್ನು ಕಲಿತದ್ದು ಕೆಟ್ಟ ಪಿನ್ನುಗಳಿಂದ. ಹೊಸದು ಹಾಕಿ, 35ಕ್ಕೆ ಗಾಳಿ ಹಿಡಿದು, ಮುಚ್ಚಳ ತಿರುಗಿಸಿ ನೂರು ರೂಪಾಯಿ ತೆಗೆದುಕೊಂಡರು. ನಾಲ್ಕು ಕಿಲೋಮೀಟರ್ ಓಡುವಷ್ಟರಲ್ಲಿ ದೀಪ ಆರಿತು. ಅಕ್ಕ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ತಲುಪಿದರು.

ಚಕ್ರ ಜೋಡಿಸುವಾಗ ಕಾಕ ಹೇಳಿದ ಇನ್ನೊಂದು ಮಾತು ಮನಸ್ಸಿನಲ್ಲಿ ಉಳಿದಿದೆ. ಅವರ ಮಗ ಅಂಗಡಿಯ ಹತ್ತಿರ ಬರುವುದಿಲ್ಲವಂತೆ. ಕಾಲೇಜಿನಲ್ಲಿ ಅವನನ್ನು 'ಪಂಚರ್' ಎಂದು ಕರೆಯುತ್ತಾರಂತೆ. ಈ ಪದ ಈಗ ಒಂದು ಸಮುದಾಯದ ಹುಡುಗರನ್ನೇ ಹೀಗಳೆಯುವ ಬೈಗುಳವಾಗಿದೆ. ಬೈಯುವವರ ಬೈಕೂ ಒಂದಲ್ಲ ಒಂದು ದಿನ ದಾರಿಯಲ್ಲಿ ನಿಲ್ಲುತ್ತದೆ, ಆಗ ಅವರು ಹುಡುಕುವುದು ಯಾರನ್ನು? ನೋವಿನ ಸಂಗತಿಯೆಂದರೆ, ನಮ್ಮವರೇ ಈ ಬೈಗುಳವನ್ನು ಒಳಗೊಳಗೇ ಒಪ್ಪಿಕೊಂಡು ಕಸುಬಿನ ಬಗ್ಗೆ ನಾಚುತ್ತಿರುವುದು.

ಆ ಹುಡುಗ ಎಂಜಿನಿಯರ್ ಆಗಲಿ, ವಕೀಲನಾಗಲಿ. ಓದಿನ ದಾರಿ ತೆರೆದೇ ಇರಬೇಕು. ಆದರೆ ಆಸೆಯಿಂದ ಬೇರೆ ದಾರಿ ಹಿಡಿಯುವುದಕ್ಕೂ ಅವಮಾನಕ್ಕೆ ಹೆದರಿ ಓಡುವುದಕ್ಕೂ ವ್ಯತ್ಯಾಸವಿದೆ. ಇಲೆಕ್ಟ್ರಿಕ್ ವಾಹನಗಳು ಹೆಚ್ಚಿದಂತೆ ಎಂಜಿನ್ ಬಿಚ್ಚುವ ಮೆಕ್ಯಾನಿಕನ ಕೆಲಸ ಕಡಿಮೆಯಾಗುವುದು ಖಂಡಿತ. ಟಯರಿನವನ ಕೆಲಸ ಹಾಗಲ್ಲ. ಬ್ಯಾಟರಿಯ ಭಾರ ಹೆಚ್ಚು, ಎಳೆತ ಜೋರು, ಟಯರು ಬೇಗ ಸವೆಯುತ್ತದೆ. ಗಾಳಿ ಕಡಿಮೆಯಿದ್ದರೆ ಒಂದು ಚಾರ್ಜಿಗೆ ಓಡುವ ದೂರವೂ ಕುಗ್ಗುತ್ತದೆ. ಈ ಕಸುಬಿಗೆ ಮುಂದೆಯೂ ಅನ್ನವಿದೆ.

ಐಟಿಐಗಳು ರಸ್ತೆ ಬದಿಯ ಈ ಕುಶಲಕರ್ಮಿಗಳಿಗಾಗಿ ನಾಲ್ಕು ದಿನದ ತರಬೇತಿ ನಡೆಸಬಹುದು. ಜಮಾಅತ್‌ಗಳು, ಯುವಕ ಮಂಡಲಗಳು ಸರಿಯಾದ ಗೇಜು, ಸೆನ್ಸರ್ ಪರೀಕ್ಷಿಸುವ ಉಪಕರಣ ಕೊಡಿಸಲು ಬಡ್ಡಿಯಿಲ್ಲದ ಸಾಲ ನೀಡಬಹುದು. ಅದಕ್ಕೆ ದೊಡ್ಡ ಬಜೆಟ್ಟೇನೂ ಬೇಡ. ಕಾರಿರುವವರು ಮಾಡಬಹುದಾದದ್ದು ಇನ್ನೂ ಸುಲಭ: ತಿಂಗಳಿಗೊಮ್ಮೆ, ಕಾರು ಓಡಿಸುವ ಮೊದಲು ಟಯರು ತಣ್ಣಗಿರುವಾಗ ಗಾಳಿ ನೋಡಿಸಿ. ಗಾಳಿ ನೋಡಿದವರನ್ನು ಗೌರವದಿಂದ ಮಾತನಾಡಿಸಿ.