ಮುದನಾಳದಿಂದ ಮುದನೂರಿಗೆ

ದೇಶಸಂಚಾರದಿಂದ ಪಂಡಿತನ ಜ್ಞಾನವು ಹೆಚ್ಚುವುದೆಂದು ಹಿರಿಯರು ಹೇಳುವುದುಂಟು. ಆದರೆ ಆ ಸಂಚಾರವನ್ನು ಹೆಂಡತಿಯೊಡನೆ ಕೈಕೊಂಡರೆ ಪಂಡಿತನ ಅಜ್ಞಾನವೂ ಬಯಲಾಗುವುದೆಂಬ ಮಾತನ್ನು ಅವರೇಕೆ ಹೇಳದೆ ಬಿಟ್ಟರೋ ತಿಳಿಯದು. ಪ್ರಾಯಶಃ ಅವರೆಲ್ಲರೂ ಒಬ್ಬೊಬ್ಬರೇ ಹೋಗಿ ಬಂದಿರಬೇಕು.

ನಮ್ಮ ವಾಸವು ಯಾದಗಿರಿಯ ಸಮೀಪದ ಮುದನಾಳ ಗ್ರಾಮದಲ್ಲಿ. ಈ ಸೀಮೆಯು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಹೈದರಾಬಾದ ಸಂಸ್ಥಾನಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ಕನ್ನಡನಾಡಿನೊಡನೆ ಕೂಡಿತು. 2009ರ ಡಿಸೆಂಬರ್ 30ರಂದು ಯಾದಗಿರಿಯು ಬೇರೆ ಜಿಲ್ಲೆಯೇ ಆಯಿತು. ರಾಜ್ಯಗಳು ಬದಲಾದರೂ ಎರೆಯ ನೆಲವು ಬದಲಾಗಲಿಲ್ಲ. ಇಂದಿಗೂ ತೊಗರಿ, ಜೋಳ, ಹತ್ತಿಗಳೇ ನಮ್ಮ ಭಾಗ್ಯದೇವತೆಗಳು. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಬುತ್ತಿ ಹೊತ್ತೊಯ್ದು ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು, ಜೋಳದ ತೆನೆಗಳ ನೆರಳಿನಲ್ಲಿ ಕಣ್ಣು ಮುಚ್ಚಿದವನಿಗೆ ಸ್ವರ್ಗದ ವರ್ಣನೆಯನ್ನು ಯಾರೂ ಓದಿ ಹೇಳಬೇಕಾಗಿಲ್ಲ.

ನಮ್ಮ ಊರಿನ ಹೆಸರಿಗೆ ನಾವೊಂದು ವ್ಯುತ್ಪತ್ತಿಯನ್ನು ಕಲ್ಪಿಸಿಕೊಂಡಿದ್ದೆವು. ‘ಮುದ’ವೆಂದರೆ ಆನಂದ, ‘ನಾಳ’ವೆಂದರೆ ಕಮಲದ ದಂಟು, ಆನಂದಕಮಲಕ್ಕೆ ಆಧಾರವಾದ ದಂಟೇ ಮುದನಾಳ! ಇದು ಶಾಸ್ತ್ರವಲ್ಲ, ಕೇವಲ ಪಂಡಿತನ ಚಪಲ. ಆದರೂ ಇದನ್ನು ಗೃಹಿಣಿಗೆ ಹೇಳಿದಾಗ ಆಕೆ ರೊಟ್ಟಿ ಬಡಿಯುವ ಕೈಯನ್ನು ನಿಲ್ಲಿಸದೆಯೇ, “ಅದು ಮುದನಾಳ ಅಲ್ರಿ, ‘ಮುದ ನಾಳೆ’ ಅಂತ ಇರಬೇಕು. ನಿಮ್ಮನ್ನ ಏನು ಕೇಳಿದರೂ ನಾಳೆ, ನಾಳೆ!” ಎಂದಳು. ಪಾಣಿನಿಯೇ ಬಂದರೂ ಈ ವ್ಯುತ್ಪತ್ತಿಯನ್ನು ಖಂಡಿಸಲಾರನೆಂದು ನಮಗೆ ಆಗಲೇ ತೋರಿತು.

ಶಾಲೆಯಲ್ಲಿ ಮೂವತ್ತು ವರುಷಗಳಿಗೂ ಮಿಕ್ಕಿ ಕನ್ನಡ ಸಂಸ್ಕೃತಗಳನ್ನು ಕಲಿಸಿ ನಾವು ನಿವೃತ್ತರಾದೆವು. ನಿವೃತ್ತಿಯೆಂದರೆ ಸರಕಾರವು ಮನುಷ್ಯನಿಗೊಂದು ಶಾಲು ಹೊದಿಸಿ ಅವನನ್ನು ಹೆಂಡತಿಯ ವಶಕ್ಕೆ ಒಪ್ಪಿಸುವ ಸಮಾರಂಭ. ಗಂಟೆ ಬಾರಿಸುವವರಿಲ್ಲ, ಹಾಜರಿ ಕರೆಯುವಂತಿಲ್ಲ, ಶಿಸ್ತು ಕಲಿಸಲು ಮಕ್ಕಳಿಲ್ಲ. ಆದುದರಿಂದ ನಾವು ಅಡಿಗೆಮನೆಯ ಡಬ್ಬಿಗಳಿಗೆ ಶಿಸ್ತು ಕಲಿಸಹೊರಟೆವು. ಪ್ರತಿಯೊಂದರ ಮೇಲೂ ದುಂಡನೆಯ ಅಕ್ಷರಗಳಲ್ಲಿ ಹೆಸರು ಬರೆದ ಚೀಟಿಯನ್ನು ಅಂಟಿಸಿ, ಅಕಾರಾದಿಯಾಗಿ ಜೋಡಿಸಿದೆವು. ಆ ದಿನ ಒಗ್ಗರಣೆಗೆ ಸಾಸಿವೆ ಸಿಗುವಷ್ಟರಲ್ಲಿ ಎಣ್ಣೆ ಹೊತ್ತಿ ಹೋಯಿತು. ಮಧ್ಯಾಹ್ನದ ಚಹದಲ್ಲಿ ಉಪ್ಪಿನ ರುಚಿ ಬಂದುದರಿಂದ ಎರಡು ಚೀಟಿಗಳು ಅದಲುಬದಲಾಗಿದ್ದವೆಂಬುದೂ ತಿಳಿಯಿತು. ಮರುದಿನ ಬೆಳಿಗ್ಗೆ ನೋಡಿದರೆ ‘ಉಪ್ಪು’ ಎಂಬ ಚೀಟಿ ಉಪ್ಪಿನ ಮೇಲೂ ‘ಸಕ್ಕರೆ’ ಎಂಬುದು ಸಕ್ಕರೆಯ ಮೇಲೂ ಸರಿಯಾಗಿಯೇ ಇದ್ದವು. ನಿದ್ದೆಗಣ್ಣಿನಲ್ಲಿ ನಾವೇ ತಿದ್ದಿರಬೇಕೆಂದು ಸಮಾಧಾನಪಟ್ಟುಕೊಂಡೆವು. ಗೃಹಿಣಿಗೆ ಅಕ್ಷರ ಬಾರದೆಂಬುದು ನಮಗೆ ಲಗ್ನದ ದಿನದಿಂದಲೂ ತಿಳಿದ ಸಂಗತಿಯಷ್ಟೆ.

ಆಕೆಯ ಒಂದು ಬಹುಕಾಲದ ಆಸೆ ಸುರಪುರ ಸೀಮೆಯ ಮುದನೂರನ್ನು ನೋಡಬೇಕೆಂಬುದು. ಅದು ಜೇಡರ ದಾಸಿಮಯ್ಯನ ಊರು. ಬಸವಣ್ಣನವರಿಗಿಂತ ಮುಂಚೆಯೇ ಮಗ್ಗದ ಮುಂದೆ ಕುಳಿತು ವಚನ ಹೇಳಿದ ಆ ನೇಕಾರನನ್ನು ಆದ್ಯ ವಚನಕಾರನೆಂದು ಕರೆಯುವರು. ಅವನ ಇಷ್ಟದೈವವಾದ ರಾಮನಾಥನ ಗುಡಿಯು ಅಲ್ಲಿರುವುದು. ನಮ್ಮ ಊರಿಗೂ ಆ ಊರಿಗೂ ಹೆಸರಿನಲ್ಲಿ ಒಂದೆರಡು ಅಕ್ಷರಗಳ ಅಂತರ. ದಾರಿಯಲ್ಲಿ ಒಂದು ದಿನದ ಪ್ರಯಾಣ. ನಮ್ಮ ‘ನಾಳೆ’ಯ ಲೆಕ್ಕದಲ್ಲಿ ಮಾತ್ರ ಮೂವತ್ತು ವರುಷ! ಕಳೆದ ಎಳ್ಳ ಅಮಾವಾಸ್ಯೆಯಾದ ವಾರದಲ್ಲಿ ಆಕೆ ಖಡಕ ರೊಟ್ಟಿ, ಶೇಂಗಾ ಹಿಂಡಿಗಳನ್ನು ಗಂಟು ಕಟ್ಟಿ, “ಇವತ್ತು ನಾನಂತೂ ಹೋಗತೀನಿ. ನೀವು ನಾಳೆ ಬರ್ರಿ” ಎಂದುಬಿಟ್ಟಳು. ವಾಚಕರೇ, ಇದಕ್ಕೆ ಪ್ರತ್ಯುತ್ತರವುಂಟೇ?

ಹೊರಡುವಾಗ, “ಚಾಳೀಸು ತಗೊಂಡಿರೇನು?” ಎಂದು ಕೇಳಿದಳು. ಪ್ರಯಾಣಕಾಲದಲ್ಲಿ ಹಿಂದಿನಿಂದ ಪ್ರಶ್ನೆ ಮಾಡುವುದು ಅಪಶಕುನವೆಂದು ಆಕೆಗೆ ಉಪದೇಶ ಮಾಡುವುದರಲ್ಲಿ ತೊಡಗಿ, ಚಾಳೀಸನ್ನು ಅಮರಕೋಶದ ಮೇಲೆಯೇ ಬಿಟ್ಟು ನಡೆದೆವು. ದೂರದ ಅಕ್ಷರಕ್ಕೂ ಹತ್ತಿರದ ಅಕ್ಷರಕ್ಕೂ ನಮಗೆ ಆ ಒಂದೇ ಚಾಳೀಸು ಗತಿ. ಯಾದಗಿರಿಯ ಕೋಟೆಯ ಬೆಟ್ಟವು ಮಂಜಿನಲ್ಲಿರುವಂತೆ ಕಂಡಾಗಲೇ ಜೇಬನ್ನು ತಡವಿ ನೋಡಿ ಮೌನ ತಾಳಿದೆವು. ತಪ್ಪನ್ನು ಒಪ್ಪಿಕೊಳ್ಳಬೇಕೆಂದು ಮಕ್ಕಳಿಗೆ ನೀತಿಪಾಠ ಹೇಳುವುದು ಬೇರೆ, ಹೆಂಡತಿಯ ಮುಂದೆ ಒಪ್ಪಿಕೊಳ್ಳುವುದು ಬೇರೆ.

ಮೋಟಾರಿನಲ್ಲಿ ಇನ್ನೊಂದು ಮಾನಭಂಗವು ಕಾದಿತ್ತು. 2023ರ ಜೂನ್ ತಿಂಗಳಲ್ಲಿ ಆರಂಭವಾದ ಶಕ್ತಿ ಯೋಜನೆಯ ಮೇರೆಗೆ ಹೆಂಗಸರಿಗೆ ಸರಕಾರಿ ಬಸ್ಸುಗಳಲ್ಲಿ ಹಣವಿಲ್ಲದ ಪ್ರಯಾಣ. ಗೃಹಿಣಿಯು ಆಧಾರ್ ಚೀಟಿಯನ್ನು ರಾಜಮುದ್ರೆಯಂತೆ ತೋರಿಸಿದಳು. ಕಂಡಕ್ಟರನು ಆಕೆಗೆ ಶೂನ್ಯದ ಟಿಕೇಟು ಕೊಟ್ಟು, ಅದೇ ಕೈಯನ್ನು ನಮ್ಮತ್ತ ಚಾಚಿದನು. “ಮಾಸ್ತರ ಖರ್ಚು ಬಾಳ ಅದ ನೋಡಪ್ಪಾ, ಅದಕ್ಕ ಇಷ್ಟು ವರ್ಷ ಕರಕೊಂಡು ಬಂದಿದ್ದಿಲ್ಲ” ಎಂದು ಆಕೆ ಅವನಿಗೆ ನಮ್ಮ ಚರಿತ್ರೆಯನ್ನು ಸಂಗ್ರಹವಾಗಿ ತಿಳಿಸಿದಳು.

ಭೀಮಾನದಿಯನ್ನು ದಾಟುವಾಗ ಆಕೆ ಕಿಟಕಿಯಿಂದಲೇ ಕೈಮುಗಿದಳು. ಶಹಾಪುರದ ಬೆಟ್ಟಗಳು ಕಾಣಿಸಿದವು. ಆ ಶಿಲಾಪಂಕ್ತಿಯನ್ನು ಒಂದು ಕಡೆಯಿಂದ ನೋಡಿದರೆ ಬುದ್ಧನು ಅಂಗಾತ ಮಲಗಿದಂತೆ ತೋರುವುದರಿಂದ ಜನರು ಅದನ್ನು ಮಲಗಿದ ಬುದ್ಧನೆಂದು ಕರೆಯುವರು. ನಾವು ಹಣೆ, ಮೂಗು, ಎದೆಗಳನ್ನು ಊಹೆಯಿಂದಲೇ ವರ್ಣಿಸುತ್ತಿದ್ದೆವು. ಆಕೆ ಬಹಳ ಹೊತ್ತು ನೋಡಿ, “ಗುರ್ತು ಸಿಕ್ಕಿತು ಬಿಡ್ರಿ. ಪಿಂಚಣಿ ಆದ ಮ್ಯಾಲ ನೀವು ಉಂಡು ಮಲಗತೀರಲ್ಲ, ಥೇಟ್ ಹಾಂಗ” ಎಂದಳು. ಮುಂದಿನ ಆಸನದವರು ತಿರುಗಿ ನಮ್ಮನ್ನೂ ಬೆಟ್ಟವನ್ನೂ ಹೋಲಿಸಿ ನೋಡಿದರು.

ಶಹಾಪುರದಿಂದ ಸುರಪುರದವರೆಗೆ ದಾರಿಯ ಇಕ್ಕೆಲಗಳಲ್ಲಿ ನೆಲದ ಬಣ್ಣವೇ ಬೇರೆ. ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರದ ಕಾಲುವೆಗಳು ಬಂದ ಮೇಲೆ, ಜೋಳದ ಈ ನಾಡಿನಲ್ಲಿ ಭತ್ತದ ಗದ್ದೆಗಳೂ ಕಣ್ಣಿಗೆ ಬೀಳುವುವು. ಸುರಪುರವು ಬೆಟ್ಟಗಳ ನಡುವಿನ ನಾಯಕರ ರಾಜಧಾನಿ. 1858ರಲ್ಲಿ ಆಂಗ್ಲರ ಮೇಲೆ ಕತ್ತಿ ಹಿಡಿದ ರಾಜಾ ವೆಂಕಟಪ್ಪ ನಾಯಕನ ಊರಿದು. ಅವನ ಬಾಲ್ಯದಲ್ಲಿ ಸಂಸ್ಥಾನದ ಮೇಲ್ವಿಚಾರಣೆಗೆ ಬಂದಿದ್ದ ಮೆಡೋಸ್ ಟೇಲರನು ಗುಡ್ಡದ ಮೇಲೆ ಕಟ್ಟಿಸಿದ ಮನೆಯು ‘ಟೇಲರ್ ಮಂಜಿಲ್’ ಎಂಬ ಹೆಸರಿನಿಂದ ಇಂದಿಗೂ ನಿಂತಿರುವುದು. ಹುಡುಗನಾಗಿದ್ದಾಗ ತನ್ನನ್ನು ಅಪ್ಪನೆಂದು ಕರೆದವನ ದುರಂತವನ್ನು ಆ ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆಯಬೇಕಾಯಿತು. ಇದನ್ನು ಹೇಳುವಾಗ ನಮ್ಮ ಕಂಠವು ಗದ್ಗದವಾಯಿತು; ಗೃಹಿಣಿಯೂ ಸುಮ್ಮನೆ ಕೇಳಿದಳು. ಇಷ್ಟು ಹೊತ್ತಿಗೆ ನಮ್ಮ ಪಾಂಡಿತ್ಯವು ಮತ್ತೆ ತಲೆಯೆತ್ತಿತ್ತು.

ಆ ಗರ್ವದಿಂದಲೇ ಸುರಪುರದ ನಿಲ್ದಾಣದಲ್ಲಿ, ಯಾರನ್ನೂ ಕೇಳದೆ, ಮುಂದೆ ನಿಂತಿದ್ದ ಬಸ್ಸಿನ ಫಲಕದ ಮೇಲೆ ಮಸಕುಮಸಕಾಗಿ ‘ಮುದ’ ಎಂಬೆರಡು ಅಕ್ಷರಗಳನ್ನು ಗುರುತಿಸಿ, “ಇದೇ! ಹತ್ತು, ಹತ್ತು!” ಎಂದು ಮೆಟ್ಟಿಲ ಮೇಲೆ ಕಾಲಿಟ್ಟೆವು. ಹಿಂದಿನಿಂದ ಯಾರೋ ನಮ್ಮ ಅಂಗಿಯನ್ನು ಜಗ್ಗಿದರು.

“ಅದು ಮುದನೂರ ಅಲ್ರಿ, ಮುದಗಲ್ಲ. ‘ಗ’ ಅದ ನೋಡ್ರಿ, ಮುಂದ ‘ಲ’, ಕೆಳಗ ಒತ್ತು ಅದ. ಮುದನೂರಿಂದು ಆ ಮೂಲಿಯಾಗಿಂದು.”

ನಾವು ಇಳಿದೆವು. ಮುದಗಲ್ಲಿನ ಬಸ್ಸು ಕೃಷ್ಣೆಯ ಆಚೆಗೆ ನಮ್ಮನ್ನು ಬಿಟ್ಟು ಹೊರಟು ಹೋಯಿತು. ಆಕೆಯ ಮುಖವನ್ನು ನೋಡಿದೆವು. ಅದು ಮಸಕಾಗಿಯೇ ಕಾಣಿಸಿತು.

“ನಿನಗೆ ಓದಲು ಬರುತ್ತದೆಯೇ?”

“ಬರತದ. ನಿಮ್ಮಷ್ಟು ಓಟದಾಗ ಅಲ್ಲ. ಒಂದೊಂದೇ ಅಕ್ಷರ ಕೂಡಿಸಿ ಓದತೀನಿ.”

ಮುದನೂರಿನ ಬಸ್ಸಿನಲ್ಲಿ ಕುಳಿತ ಮೇಲೆ ಆಕೆ ಎಲ್ಲವನ್ನೂ ಹೇಳಿದಳು. ಆಕೆ ಸಾಲಿಗೆ ಹೋದುದು ಒಂದೇ ಮಳೆಗಾಲ. ಅಷ್ಟರಲ್ಲಿ ತಮ್ಮನು ಹುಟ್ಟಿದುದರಿಂದ ತೊಟ್ಟಿಲು ತೂಗಲು ಮನೆಯಲ್ಲಿ ಉಳಿದಳು. ಲಗ್ನವಾದ ವರುಷ ನಮ್ಮನ್ನು, “ನನಗೂ ಕಲಸರಿ” ಎಂದು ಕೇಳಿದ್ದಳಂತೆ. ನಾವು ಉತ್ತರಪತ್ರಿಕೆಗಳಿಂದ ತಲೆಯೆತ್ತದೆ, “ನಾಳೆ” ಎಂದಿದ್ದೆವಂತೆ. ನಮಗೆ ಅದರ ನೆನಪಿಲ್ಲ. ಆಕೆಗೆ ದಿನವೂ ನೆನಪಿತ್ತು. ಮನೆಪಾಠಕ್ಕೆಂದು ಬರುವ ಮಕ್ಕಳು ಸಂಜೆ ಕಟ್ಟೆಯ ಮೇಲೆ ಕಾಗುಣಿತ ಕೂಗುತ್ತಿದ್ದರೆ ಆಕೆ ಒಳಗೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಆಮೇಲೆ ಪರಾತಿನ ಜೋಳದ ಹಿಟ್ಟಿನಲ್ಲಿ ಬೆರಳಿನಿಂದ ಬರೆದು, ಅಳಿಸಿ, ನಾದುತ್ತಿದ್ದಳು. ತಪ್ಪಿದುದನ್ನು ಮಗಳ ಪಾಟಿಯನ್ನು ನೋಡಿ ತಿದ್ದಿಕೊಂಡಳು. ಮಗಳಿಗೆ ಇದು ಗೊತ್ತಿತ್ತು. ನಾವು ಆ ಅಕ್ಷರಗಳನ್ನು ಎಷ್ಟೋ ವರುಷ ರೊಟ್ಟಿಯಾಗಿ ಉಂಡಿದ್ದೆವು!

“ಹಾಗಾದರೆ ಆ ಉಪ್ಪು ಸಕ್ಕರೆಯ ಚೀಟಿಗಳು?”

“ಮತ್ತ ದೆವ್ವ ಬಂದು ತಿದ್ದಿತೇನು?”

ನಮಗೆ ನಗು ಬಂದಿತು; ಆದರೆ ಅದು ಗಂಟಲಿನಲ್ಲಿಯೇ ನಿಂತಿತು. ಏಕೆಂದರೆ ಬೇರೊಂದು ಸಂಗತಿ ನೆನಪಾಗಿತ್ತು. ಪಿಂಚಣಿಯ ಕಾಗದಪತ್ರಗಳಿಗಾಗಿ ಆಕೆಯನ್ನು ಒಂದು ಬ್ಯಾಂಕಿಗೆ ಕರೆದೊಯ್ದಾಗ, ಗುಮಾಸ್ತನು ಕೇಳುವ ಮೊದಲೇ ನಾವು, “ಇವರದು ಹೆಬ್ಬೆಟ್ಟು” ಎಂದು ಹೇಳಿ ಆಕೆಯ ಕೈಹಿಡಿದು ಮಸಿಗೆ ಒತ್ತಿದ್ದೆವು.

“ಅಂದಾದರೂ ಏಕೆ ಹೇಳಲಿಲ್ಲ?”

“ಅಷ್ಟು ಮಂದಿಯೊಳಗ ನೀವು ಮಸಿ ಡಬ್ಬಿ ಹಿಡಕೊಂಡು ನಿಂತಿದ್ದಿರಿ. ಮಾಸ್ತರ ಹೇಂತಿಗೆ ಸಹಿ ಬರತದ ಅಂಬೋದು ಮಾಸ್ತರಗೇ ಗೊತ್ತಿಲ್ಲ ಅಂದರ ನಿಮಗೇ ಕಡಿಮಿ ಅಲ್ಲೇನು?”

2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಅಕ್ಷರಸ್ಥರು ನೂರಕ್ಕೆ ಸುಮಾರು 52. ಇಡೀ ಕರ್ನಾಟಕದಲ್ಲಿಯೇ ಎಲ್ಲಕ್ಕಿಂತ ಕಡಿಮೆ. ಹೆಂಗಸರಲ್ಲಿ ಅರ್ಧದಷ್ಟು ಮಂದಿಯೂ ಓದಬಲ್ಲವರಾಗಿರಲಿಲ್ಲ. ಈ ಅಂಕಿಗಳನ್ನು ನಾವು ಎಷ್ಟು ಸಭೆಗಳಲ್ಲಿ ಹೇಳಿ, ನಿಜಾಮಶಾಹಿಯನ್ನೂ ಬಡತನವನ್ನೂ ಸರಕಾರವನ್ನೂ ದೂರಿದ್ದೆವೋ ಲೆಕ್ಕವಿಲ್ಲ. ಕಾರಣಗಳ ಆ ಪಟ್ಟಿಯಲ್ಲಿ ನಮ್ಮ ಹೆಸರನ್ನು ಮಾತ್ರ ಬರೆದುಕೊಂಡಿರಲಿಲ್ಲ.

ಮುದನೂರಿನಲ್ಲಿ ರಾಮನಾಥನಿಗೆ ನಮಸ್ಕರಿಸಿ, ನೆರಳಿನಲ್ಲಿ ಬುತ್ತಿ ಬಿಚ್ಚಿ ಕುಳಿತೆವು. ದಾಸಿಮಯ್ಯನು ಹೆಣ್ಣು ಹುಡುಕಲು ಹೊರಟ ಕಥೆಯನ್ನು ಹೇಳಿದೆವು. ಅವನು ಮರಳು ಬೆರೆಸಿದ ಅಕ್ಕಿಯನ್ನೂ ಕಬ್ಬನ್ನೂ ಹಿಡಿದುಕೊಂಡು ಹೋಗಿ, ಬೇರೆ ನೀರು ಸೌದೆಗಳಿಲ್ಲದೆ ಇದರಿಂದ ಪಾಯಸ ಮಾಡಬಲ್ಲವಳೇ ತನಗೆ ಹೆಂಡತಿಯೆಂದನಂತೆ. ದುಗ್ಗಳೆಯೆಂಬವಳು ಅಕ್ಕಿಯನ್ನು ಆರಿಸಿ, ಕಬ್ಬಿನ ರಸದಲ್ಲಿ ಬೇಯಿಸಿ, ಸಿಪ್ಪೆಯನ್ನೇ ಒಣಗಿಸಿ ಉರಿಸಿ ಪಾಯಸ ಮಾಡಿ ಬಡಿಸಿದಳಂತೆ.

ಗೃಹಿಣಿಯು ಆಲೋಚಿಸಿ, “ಪರೀಕ್ಷಾ ಬರೇ ಆಕಿಗೇ ಏನು? ಅವರಿಗೆ ಆಕಿ ಯಾವ ಪರೀಕ್ಷಾ ಕೊಟ್ಟಳು?” ಎಂದು ಕೇಳಿದಳು.

ಅದನ್ನು ಯಾವ ಕಥೆಯೂ ಹೇಳುವುದಿಲ್ಲ. ಆದರೆ ದುಗ್ಗಳೆಯೂ ವಚನಗಳನ್ನು ರಚಿಸಿದಳೆಂದೂ, ಅವುಗಳಲ್ಲಿ ಎರಡು ದೊರೆತಿರುವವೆಂದೂ, ಆಕೆಯ ಅಂಕಿತದಲ್ಲಿ ದಾಸಯ್ಯನ ಹೆಸರೂ ರಾಮನಾಥನ ಹೆಸರೂ ಕೂಡಿರುವವೆಂದೂ ತಿಳಿಸಿದೆವು.

“ಮತ್ತ ದಾಸಯ್ಯನ ಅಂಕಿತದಾಗ ಆಕಿ ಹೆಸರು ಅದಯೇನು?”

“ಇಲ್ಲ. ಬರಿಯ ರಾಮನಾಥ.”

“ಹೂಂ” ಎಂದು ಆಕೆ ನಮ್ಮ ಕೈಗೆ ಇನ್ನೊಂದು ರೊಟ್ಟಿಯನ್ನು ಕೊಟ್ಟಳು. ಆ ಒಂದು ‘ಹೂಂ’ಕಾರಕ್ಕೆ ನಾವು ಓದಿದ ಯಾವ ಭಾಷ್ಯವೂ ಸಾಲದು.

ರಾತ್ರಿ ಮನೆಗೆ ಬಂದು ದೀಪ ಹಚ್ಚಿ, ಅಮರಕೋಶದ ಮೇಲಿದ್ದ ಚಾಳೀಸನ್ನು ಏರಿಸಿಕೊಂಡು, ನೆಟ್ಟಗೆ ಗೋಡೆಯ ಕ್ಯಾಲೆಂಡರಿನ ಬಳಿಗೆ ಹೋದೆವು. ಅದರ ಮನೆಗಳಲ್ಲಿ ಆಕೆ ಮಾಡುವ ಗುರುತುಗಳು ಹಾಲಿನ ಲೆಕ್ಕದ ಗೀಟುಗಳೆಂದೇ ಇದುವರೆಗೆ ತಿಳಿದಿದ್ದೆವು. ಹತ್ತಿರದಿಂದ ನೋಡಿದರೆ ಅವು ಅಕ್ಷರಗಳು: ‘ಹಾಲ ಇಲ್ಲ’, ‘ಮಗಳ ಫೋನ’, ‘ಮಾಸ್ತರಗ ಕೆಮ್ಮ’. ಆ ದಿನದ ಮನೆಯಲ್ಲಿ, ಅಡ್ಡತಿಡ್ಡವಾಗಿ, ‘ಮುದನೂರ’ ಎಂದು ಬರೆದಿತ್ತು. ಹೊರಡುವ ಮೊದಲೇ ಬರೆದಿದ್ದಳು.

ಮರುದಿನ ಬೆಳಿಗ್ಗೆ ನಾವು ಪಾಟಿಯನ್ನು ಹುಡುಕಿ ತೆಗೆದು, ಒತ್ತಕ್ಷರಗಳಿಂದ ಪಾಠವನ್ನು ಆರಂಭಿಸಿದೆವು, ‘ನಾಳೆ’ ಎನ್ನಲಿಲ್ಲ. ಆ ತಿಂಗಳ ಕೊನೆಗೆ ಅದೇ ಬ್ಯಾಂಕಿಗೆ ಹೋಗಿ, ಹೆಬ್ಬೆಟ್ಟಿದ್ದ ಕಡೆಗೆ ಸಹಿಯನ್ನು ದಾಖಲು ಮಾಡಿಸಿದೆವು. ಆಕೆ ತನ್ನ ಹೆಸರನ್ನು ಬರೆದು ಮುಗಿಸುವವರೆಗೆ ನಮ್ಮ ಹಿಂದಿನ ಸಾಲು ಕಾಯಿತು. ನಾವೂ ಕೈಕಟ್ಟಿ ಕಾದೆವು.

ಈಗ ನಮ್ಮ ಮನೆಯಲ್ಲಿ ಪತ್ರಿಕೆಯು ಮೊದಲು ಆಕೆಯ ಕೈಗೆ ಹೋಗುವುದು. ಒಂದೊಂದೇ ಅಕ್ಷರ ಕೂಡಿಸಿ ಓದುವುದರಿಂದ ಅದು ನಮ್ಮ ಕೈಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗುವುದು. ಅಷ್ಟರೊಳಗೆ ಹೊಟ್ಟೆಯು ಕೇಳದುದರಿಂದ ರೊಟ್ಟಿ ಬಡಿಯುವುದನ್ನು ನಾವೇ ಕಲಿಯುತ್ತಿರುವೆವು. ಮೊನ್ನೆಯ ನಮ್ಮ ರೊಟ್ಟಿಯನ್ನು ಆಕೆ ಎತ್ತಿ ಹಿಡಿದು ನೋಡಿ, “ದುಂಡಗಾಗಿಲ್ಲ. ಅಳಿಸಿ ಇನ್ನೊಮ್ಮೆ ಬರೀರಿ” ಎಂದಳು. ಗುರುವಿನ ಮಾತನ್ನು ಮೀರಬಾರದೆಂದು ನಾವು ಅಳಿಸಿ ಮತ್ತೆ ಬಡಿದೆವು.